ಮೂರನೇ ಸೂಜಿ

ನೆರೆಮನೆಯ ಮರಿಯಮ್ಮ ಎಷ್ಟು ತಿಕ್ಕಿದರೂ ಸತ್ತ ಕ್ಯಾತಮ್ಮನ ಕೆನ್ನೆಯ ಮೇಲೆ ಅರಿಸಿನ ಕಾಣಲಿಲ್ಲ. ಕಾಮಾಲೆ ಆಗಲೇ ಮೈಯನ್ನೆಲ್ಲ ಹಳದಿ ಮಾಡಿತ್ತು.

"ಮುತ್ತೈದೆಯಾಗಿ ಹೊಂಟವ್ಳೆ, ನೀನೂ ಹಚ್ಚು ಕಣಪ್ಪ," ಎಂದು ಬಟ್ಟಲನ್ನು ಕ್ಯಾತಮ್ಮನ ಗಂಡ ನಾಗಭೂಷಣನ ಮುಂದಿಟ್ಟಳು.

ಅವನು ಹೆಬ್ಬೆರಳಿನಿಂದ ಹಚ್ಚಿದ.

"ನರ್ಸಿಂಗ್ ಹೋಮಿನಾಗೆ ಸೂಜಿ ತೊಳೀವಾಗ ಚುಚ್ಚಿಸ್ಕೊಂಡ್ಲಂತೆ," ಬಾಗಿಲ ಬಳಿ ಸಿದ್ದಮ್ಮ ಪಿಸುಗುಟ್ಟಿದಳು. "ಹದಿನೆಂಟು ವರ್ಷ ಆಯಾ ಕೆಲ್ಸ."

"ಮೂರು ಇಂಜೆಕ್ಷನ್ ಹಾಕ್ಸಿದ್ನಲ್ಲಕ್ಕಾ! ಯಾಕೆ ಹಿಡೀಲಿಲ್ಲ?" ನಾಗಭೂಷಣ ಕೂಗಿದ.

ನರ್ಸಿಂಗ್ ಓದುತ್ತಿದ್ದ ಮಗಳು ಸುನಿತಾ ಅವ್ವನ ಪಾದ ಹಿಡಿದು ಕೂತಿದ್ದಳು.

*

ಹಿಂದಿನ ವರ್ಷ, 2004ರಲ್ಲಿ, ತಿಪಟೂರಿನ ಡಾಕ್ಟರು ಸೂಜಿಯಿಂದ ಅಂಟುವ ಕಾಮಾಲೆಗೆ, ಹೆಪಟೈಟಿಸ್ ಬಿಗೆ, ಲಸಿಕೆ ಬರೆದುಕೊಟ್ಟು ನಾಗಭೂಷಣನಿಗೆ ಹೇಳಿದ್ದರು: "ಇದ್ರಲ್ಲಿ ರೋಗದ ವೈರಸ್ ಇಲ್ಲ ಕಣಪ್ಪ, ಬರೀ ಅದರ ಚಿಪ್ಪು. ಒಳಗೆ ತಿರುಳಿಲ್ಲ, ಮೊಳೆಯೋದಿಲ್ಲ. ಚಿಪ್ಪು ನೋಡಿಯೇ ಮೈ ಶತ್ರೂನ ಗುರುತಿಟ್ಕೊಳ್ಳುತ್ತೆ. ತಂಪಾಗಿಡು."

ಪೋಲಿಯೊ ಭಾನುವಾರಗಳಲ್ಲಿ ಲಸಿಕೆ ಪೆಟ್ಟಿಗೆ ಹೊತ್ತು ಹಟ್ಟಿಹಟ್ಟಿ ತಿರುಗಿದವನಿಗೆ ತಂಪಿನ ವಿಷಯ ಹೇಳಿಕೊಡಬೇಕೆ? ಹೆಂಡತಿಗೆ ಮೂರು, ಮಗಳಿಗೆ ಮೂರು ಸೀಸೆ ಒಟ್ಟಿಗೇ ತಂದು, ಹೊನ್ನವಳ್ಳಿಯ ಐಸ್‌ಕ್ಯಾಂಡಿ ಅಂಗಡಿಯ ಪೆಟ್ಟಿಗೆಯಲ್ಲಿ ಐಸಿನ ನಡುವೆ ಹೂತಿಟ್ಟ. ದಿನಾ ಹೋಗಿ ನೋಡಿ ಬರುತ್ತಿದ್ದ.

"ನಂಗಿಂತ ಆ ಸೀಸೆ ಮೇಲೇ ಪ್ರೀತಿ," ಎಂದು ಕ್ಯಾತಮ್ಮ ನಗುತ್ತಿದ್ದಳು.

*

ತೋಟದಂಚಿನಲ್ಲಿ ಮಣ್ಣು ಮುಚ್ಚಿ ಜನ ಚದುರಿದ ಮೇಲೆ ನಾಗಭೂಷಣ ಫ್ಲಾಸ್ಕ್ ಹಿಡಿದು ಮಗಳ ಬಳಿ ಬಂದ.

"ನಿಂದು ಮೂರನೇ ಸೂಜಿ ಉಳ್ಕಂಡಿತ್ತು ಕಣವ್ವ. ಕಾಂಪೌಂಡರ್ ಮನೇತಾವ ಕಾಯ್ತಾವ್ನೆ. ನೀನಾದ್ರೂ ಉಳ್ಕೊ. ಒಂದಿನಾನೂ ಐಸ್ ಕರಗಕ್ಕೆ ಬುಟ್ಟಿಲ್ಲ, ಕಲ್ಲಿನಂಗೈತೆ ನೋಡು."

ಸುನಿತಾ ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದಳು; ಸೀಸೆಯೊಳಗಿನ ಮದ್ದೂ ಹೆಪ್ಪುಗಟ್ಟಿತ್ತು. ಹೋದ ತಿಂಗಳಷ್ಟೇ ಕ್ಲಾಸಿನಲ್ಲಿ ಹೇಳಿದ್ದರು: ಪೋಲಿಯೊ ಹನಿ ಹೆಪ್ಪುಗಟ್ಟಿದರೂ ಚಿಂತೆಯಿಲ್ಲ, ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ನೀರು ಚುಚ್ಚಿದಂತೆ. ಅವ್ವನಿಗೆ ಮೂರು ಸಲವೂ ಅಪ್ಪ ಹೀಗೆ ಹೆಪ್ಪುಗಟ್ಟಿದ್ದನ್ನೇ ಹಾಕಿಸಿದ್ದ.

"ಓದಿದೀಯ, ನೀನೇ ಹೇಳವ್ವ. ನಾನೇನಾರ ತಪ್ಪು ಮಾಡಿದ್ನಾ?"

ಅವಳು ಫ್ಲಾಸ್ಕಿನ ಮುಚ್ಚಳ ಮುಚ್ಚಿದಳು. "ಇಲ್ಲ ಕಣಪ್ಪ. ಅವ್ವನ ಮೈಗೇ ಅದು ಹಿಡೀಲಿಲ್ಲ."

ಅವನು ಹಸಿಮಣ್ಣಿನ ಗುಡ್ಡೆಯತ್ತ ತಿರುಗಿದ. "ಅವಳ ಮೈಯೇ ಹಂಗೆ. ಯಾವ ಮದ್ದೂ ಹಿಡೀತಿರ್ಲಿಲ್ಲ ಬುಡು," ಎಂದು ಬೈದ.

ಸತ್ತ ಮೇಲೂ ಅವ್ವನ ತಲೆಗೇ ತಪ್ಪು ಕಟ್ಟಿದೆನಲ್ಲ ಎಂದು ಸುನಿತಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ತೋಳು ಮುಂದೊಡ್ಡಿದಳು.

ನಾಗಭೂಷಣ ಅವಳ ರವಿಕೆಯ ತೋಳು ಸರಿಸಿ, ಸೂಜಿ ಚುಚ್ಚಬೇಕಾದ ಜಾಗವನ್ನು ಬೆವೆತ ಹೆಬ್ಬೆರಳಿನಿಂದ ಒತ್ತಿ ತೋರಿಸಿದ. ಕೈ ತೆಗೆದಾಗ ಅಲ್ಲಿ ಅರಿಸಿನದ ಗುರುತು ಎದ್ದು ಕಾಣುತ್ತಿತ್ತು.