ವಾರಗಿತ್ತಿಯ ಭಾನುವಾರ

ಭಾನುವಾರ ಬೆಳಗಾಯಿತೆಂದರೆ ಜಯಲಕ್ಷ್ಮಮ್ಮನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು. ಜಗಲಿಯಲ್ಲಿ ಕುಳಿತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರೂ ಕಣ್ಣು ಪಕ್ಕದ ಬಾಗಿಲ ಮೇಲೆಯೇ. ಅಲ್ಲಿಂದ ವಾರಗಿತ್ತಿ ಯಶೋದಮ್ಮ ತಲೆ ಬಾಚಿ, ಒಗೆದ ಸೀರೆ ಉಟ್ಟು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ಹಿಡಿದು ಹೊರಡುವಳು. "ಬತ್ತೀನಿ ಕಣಕ್ಕ" ಎಂದು ಹೇಳಿಯೇ ಹೋಗುವಳು. ಜಯಲಕ್ಷ್ಮಮ್ಮ ತಲೆ ಎತ್ತುತ್ತಿರಲಿಲ್ಲ.

ಯಶೋದಮ್ಮನ ಮಗ ವಸಂತ್ ಹುಣಸೂರಿನಾಚೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿದ್ದ. ಕಳಿಸಿದ್ದು ಪಿರಿಯಾಪಟ್ಟಣದ ಕೋರ್ಟು.

ವಸಂತ್ ಮತ್ತು ಜಯಲಕ್ಷ್ಮಮ್ಮನ ಮಗ ಕುಮಾರ್ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ರಾವಂದೂರು ರಸ್ತೆಯಲ್ಲಿ ಪೊಲೀಸರು ಅವರ ಬೈಕು ನಿಲ್ಲಿಸಿದಾಗ ಇಬ್ಬರ ಜೇಬಿನಲ್ಲೂ ಗಾಂಜಾ ಪೊಟ್ಟಣ ಸಿಕ್ಕಿತ್ತು. ವಸಂತ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ವೈದ್ಯರ ವರದಿ ತರಿಸಿಕೊಂಡು, ಜೈಲಿನ ಬದಲು ಕೇಂದ್ರದಲ್ಲಿದ್ದು ಚಿಕಿತ್ಸೆ ಮುಗಿಸಬೇಕೆಂದು ಮುಚ್ಚಳಿಕೆ ಬರೆಸಿಕೊಂಡರು. ನಡುವೆ ಓಡಿಹೋದರೆ ಜೈಲೇ ಗತಿ ಎಂದೂ ಹೇಳಿದರು.

ಕುಮಾರನ ಕೇಸು ಮಾತ್ರ ಇನ್ನೂ ನಡೆಯುತ್ತಿತ್ತು. ಪೊಟ್ಟಣ ತನ್ನದಲ್ಲ, ತಾನು ಅದನ್ನು ಮುಟ್ಟಿದವನೇ ಅಲ್ಲ ಎಂದು ಅವನು ಹೇಳಿದ್ದ. ಹಾಗೆ ಹೇಳಿಸಿದವಳು ಜಯಲಕ್ಷ್ಮಮ್ಮ. ಆಗ ಭೇರ್ಯದ ಕಂಠಪ್ಪನ ಮಗಳು ವಾಣಿಶ್ರೀಯನ್ನು ಅವನಿಗೆ ತರುವ ಮಾತು ನಡೆಯುತ್ತಿತ್ತು. ಕಂಠಪ್ಪ ಫೋನು ಮಾಡಿ ವಿಚಾರಿಸಿದಾಗ, ಸೇದುವವನು ಮೈದುನನ ಮಗ, ತನ್ನ ಮಗ ಅವನ ಹಿಂದೆ ಬೈಕಿನಲ್ಲಿ ಕುಳಿತದ್ದೇ ತಪ್ಪಾಯಿತು ಎಂದು ಅವಳು ಸಮಾಧಾನ ಹೇಳಿದ್ದಳು.

ಜಾಮೀನಿನ ಮೇಲೆ ಮನೆಗೆ ಬಂದ ಕುಮಾರ್ ಕೋಣೆ ಬಿಟ್ಟು ಹೊರಬರುತ್ತಿರಲಿಲ್ಲ. ಬಂದರೆ ಅಪ್ಪನ ಮೇಲೆ ಎಗರುವುದು, ತಟ್ಟೆ ಒದೆಯುವುದು. ಗಾಂಜಾ ವಾಸನೆ ಬೀದಿಗೆ ಹೋಗದಿರಲೆಂದು ಜಯಲಕ್ಷ್ಮಮ್ಮ ಅವನ ಬಾಗಿಲ ಬಳಿ ಕಟ್ಟುಗಟ್ಟಲೆ ಊದುಬತ್ತಿ ಹಚ್ಚುತ್ತಿದ್ದಳು. ಅಂಥದ್ದರಲ್ಲಿ ಯಶೋದಮ್ಮನ ಗಂಡ, ಮೈದುನ ಶಿವಶಂಕರ ಬಂದು, ವಸಂತನ ಮುಖದಲ್ಲಿ ಕಳೆ ಬಂದಿದೆ, ತೋಟದ ಕೆಲಸ ಮಾಡುತ್ತಾನಂತೆ ಎಂದು ಹೇಳಿಹೋದರೆ ಅವಳಿಗೆ ಎರಡು ದಿನ ಅನ್ನ ಸೇರುತ್ತಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಯಶೋದೆಗಿಂತ ಒಂದು ಹೆಜ್ಜೆ ಮುಂದಿದ್ದವಳು ತಾನು. ಮೊದಲು ಮಗ ಹೆತ್ತವಳು, ಮೊದಲು ತಾರಸಿ ಮನೆ ಕಂಡವಳು. ಈಗ ಕೆಟ್ಟುಹೋದ ಮಗನ ವಿಷಯದಲ್ಲೂ ಅವಳೇ ಗೆಲ್ಲಬೇಕೇ?

ಒಂದು ಭಾನುವಾರ ತಾನೂ ಬರುತ್ತೇನೆಂದು ಹೊರಟಳು. ವಸಂತನನ್ನು ನೋಡುವ ಆಸೆ ಎಂದು ಬಾಯಲ್ಲಿ ಹೇಳಿದಳು. ಅವನು ನೆಟ್ಟಗಾಗಿಲ್ಲ ಎಂದು ಕಣ್ಣಾರೆ ಕಂಡು ಬರುವ ಆಸೆ ಒಳಗಿತ್ತು.

ಕೇಂದ್ರದ ಅಂಗಳದಲ್ಲಿ ವಸಂತ್ ಬಂದು ಕಾಲಿಗೆ ನಮಸ್ಕರಿಸಿದ. ಕೆನ್ನೆ ತುಂಬಿತ್ತು. ರೊಟ್ಟಿ ಮುರಿಯುವಾಗ ಕೈ ನಡುಗಲಿಲ್ಲ. ಜಯಲಕ್ಷ್ಮಮ್ಮ ಆ ಕೈಯನ್ನೇ ನೋಡಿದಳು. ಮೊನ್ನೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಅದನ್ನು ಹರಿದೆಸೆದ ಮಗನ ಕೈ ನೆನಪಾಗಿ, ಎದುರಿಗಿದ್ದ ಹುಡುಗನ ಮೇಲೆ ದ್ವೇಷವೇ ಉಕ್ಕಿತು.

"ದೊಡ್ಡವ್ವ, ಕುಮಾರ ಹೆಂಗವ್ನೆ?" ಎಂದು ಅವನು ಕೇಳಿದ.

"ಚೆನ್ನಾಗವ್ನೆ. ಅವನಿಗೇನಾಗ್ಯದೆ?" ಎಂದಳು.

ವಸಂತ್ ಅವಳ ಮುಖ ನೋಡಿ, ಮುರಿದ ರೊಟ್ಟಿಯ ಅರ್ಧವನ್ನು ಅವಳ ಕೈಗಿಟ್ಟ.

ಹಿಂದಿರುಗುವಾಗ ಬಸ್ಸಿನಲ್ಲಿ ಯಶೋದಮ್ಮ ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟಳು. ಅದೂ ಚುಚ್ಚಿತು. ಹುಣಸೂರು ದಾಟುವವರೆಗೆ ತಡೆದುಕೊಂಡಿದ್ದ ಜಯಲಕ್ಷ್ಮಮ್ಮ ಕೊನೆಗೆ, "ನಿಂದು ಅದೃಷ್ಟ ಬುಡು. ಮಗ ಜೈಲಿಗೆ ಹೋಗೋದು ತಪ್ತು, ಊರೋರ ಕಣ್ಗೆ ಒಳ್ಳೆಯವಳೂ ಆದೆ" ಎಂದಳು.

ಯಶೋದಮ್ಮ ಖಾಲಿ ಬುತ್ತಿಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಕೇಂದ್ರಕ್ಕೆ ಸೇರಿಸಿದ ಹೊಸತರಲ್ಲಿ ವಸಂತ್ ಅವಳನ್ನು ಕಂಡರೆ ಬಾಯಿಗೆ ಬಂದಂತೆ ಬೈದು, ನೀನು ಸಾಯಿ ಎಂದು ಅಟ್ಟುತ್ತಿದ್ದನಂತೆ. ಬುತ್ತಿ ಮುಟ್ಟುತ್ತಿರಲಿಲ್ಲವಂತೆ. ಅದನ್ನು ಬಸ್‌ಸ್ಟ್ಯಾಂಡಿನ ನಾಯಿಗೆ ಹಾಕಿ ಬರುತ್ತಿದ್ದಳಂತೆ. ತವರಿನ ಶುಭಕಾರ್ಯಕ್ಕೆ ಅವಳನ್ನು ಕರೆಯಲಿಲ್ಲ. ಕಾಲೇಜಿನಲ್ಲಿ ಮಗಳು ಹರ್ಷಿತಾಳನ್ನು ಗಾಂಜಾದವನ ತಂಗಿ ಎಂದು ಆಡಿಕೊಂಡರು.

"ಅದೃಷ್ಟ ಅಲ್ಲ ಕಣಕ್ಕ. ಮಗ ಇದ ಸೇದ್ತಾನಾ ಅಂತ ಜಡ್ಜು ನನ್ನೂ ಕೇಳುದ್ರು. ಹಿಂದ್ಗಡೆ ಊರೋರೆಲ್ಲ ಕೂತಿದ್ರು. ಹೂಂ ಅಂದೆ, ಅಷ್ಟೇಯ." ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. "ಮನೇಗ್ ಬಂದ್ರೆ ನಿನ್ ಮಗ ನಿನ್ ಕಣ್ಮುಂದೆ ಇದ್ದ. ನನ್ ಮಗ ಇರ್ಲಿಲ್ಲ. ನಿನ್ನ ನೋಡಿ ನಂಗೆಷ್ಟು ಹೊಟ್ಟೆ ಉರೀತು ಗೊತ್ತಾ?"

ಜಯಲಕ್ಷ್ಮಮ್ಮ ಕಿಟಕಿಯಿಂದ ಇತ್ತ ತಿರುಗಿದಳು. ತನ್ನನ್ನು ನೋಡಿಯೂ ಒಬ್ಬಳು ಕರುಬಿದ್ದಳು. ಅದೂ ಊದುಬತ್ತಿಯ ಹೊಗೆ ತುಂಬಿದ ಆ ಮನೆಗಾಗಿ.

ಮನೆಗೆ ಬಂದು ಗಂಡ ಚಲುವಯ್ಯನಿಗೆ ಹೇಳಿದಳು, ಮುಂದಿನ ವಾಯಿದೆಗೆ ಒಪ್ಪಿಕೊಂಡುಬಿಡೋಣ ಎಂದು. ಚಲುವಯ್ಯ ಕೆಟ್ಟವನಲ್ಲ. ಪೊಲೀಸರ ಸಾಕ್ಷಿ ಬಿಗಿಯಾಗಿಲ್ಲ, ಗೆಲ್ಲುತ್ತೇವೆಂದು ವಕೀಲರೇ ಹೇಳಿದ್ದಾರೆ, ಈಗ ಒಪ್ಪಿಕೊಂಡರೆ ಹಣೆಯ ಮೇಲೆ ಬರೆಸಿಕೊಂಡಂತೆ, ಮುಂದೆ ಯಾರು ಹೆಣ್ಣು ಕೊಡುತ್ತಾರೆ ಎಂದ. ಒಪ್ಪಿಕೊಂಡ ಮೇಲೂ ಜೈಲಿಗೇ ಹಾಕಿದರೆ ಏನು ಗತಿ ಎಂದೂ ಕೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

"ಗೆದ್ರೆ ಮನೇಲೇ ಇರ್ತಾನೆ" ಎಂದಳು ಜಯಲಕ್ಷ್ಮಮ್ಮ. "ಇದ್ದು?"

ಚಲುವಯ್ಯ ಮುಚ್ಚಿದ ಕೋಣೆಯ ಕಡೆ ನೋಡಿದ. ಬಾಗಿಲು ತಾನಾಗಿ ತೆರೆದುಕೊಂಡಿತು. ಕುಮಾರ್ ಎಲ್ಲ ಕೇಳಿಸಿಕೊಂಡಿದ್ದ. ಕೂಗಾಡುತ್ತಾನೆಂದು ಇಬ್ಬರೂ ಹೆದರಿದರು. ಅವನು ಹೊಸ್ತಿಲ ಮೇಲೆ ಕುಸಿದು ಕುಳಿತು, ಎಷ್ಟೋ ಸಲ ಬಿಡಲು ನೋಡಿದೆ, ಒಂದು ವಾರವೂ ಆಗಲಿಲ್ಲ ಎಂದ.

"ಕೋರ್ಟಲ್ಲಿ ನಾನ್ ನಿಂತ್ಕೊತೀನಿ ಅವ್ವ. ಬಾಯ್ ಬರ್ದೆ ಹೋದ್ರೆ ನೀನ್ ಹೇಳು."

ಅಂದು ಸಂಜೆಯೇ ಜಯಲಕ್ಷ್ಮಮ್ಮ ಭೇರ್ಯಕ್ಕೆ ಫೋನು ಮಾಡಿದಳು. ತನ್ನ ಮಗನೂ ಸೇದುತ್ತಾನೆ, ವಸಂತನ ಮೇಲೆ ಹೊರಿಸಿದ್ದು ತನ್ನ ಸುಳ್ಳು ಎಂದು ಹೇಳಿದಳು. ಕಂಠಪ್ಪ ಬೈಯಲಿಲ್ಲ. ಆಗಲಿ ಕಣಮ್ಮ ಎಂದು ಫೋನಿಟ್ಟ. ಆ ಸಂಬಂಧ ಅಲ್ಲಿಗೇ ಮುಗಿಯಿತು.

ವಾಯಿದೆಯ ದಿನ ವಕೀಲರು, ತಮ್ಮ ಕಕ್ಷಿದಾರ ತಪ್ಪೊಪ್ಪಿಕೊಳ್ಳುತ್ತಾನೆ, ಅವನಿಗೆ ಚಿಕಿತ್ಸೆ ಬೇಕಾಗಿದೆ ಎಂದು ಅರಿಕೆ ಮಾಡಿದರು. ಕುಮಾರ್ ನಿಧಾನವಾಗಿ ಹೌದು ಎಂದ. ಅಭ್ಯಾಸ ಎಂದಿನಿಂದ ಎಂದು ನ್ಯಾಯಾಧೀಶರು ಕೇಳಿದಾಗ ಮಾತ್ರ ಕಟಕಟೆಯ ಕಂಬಿ ಹಿಡಿದು ನಿಂತುಬಿಟ್ಟ. ಅವನು ಹಿಂದೆ ತಿರುಗಿ ನೋಡಿದ. ನ್ಯಾಯಾಧೀಶರೂ ಅತ್ತ ನೋಡಿ, ಮನೆಯವರು ಯಾರಾದರೂ ಬಂದಿದ್ದಾರೆಯೇ ಎಂದರು.

ಜಯಲಕ್ಷ್ಮಮ್ಮ ಎದ್ದಳು. ಬೆಂಚಿನ ತುಂಬ ಊರಿನ ಮುಖಗಳಿದ್ದವು. ಅವರಿಗೂ ಕೇಳಿಸುವಂತೆ, "ಮೂರು ವರ್ಷದಿಂದ ಸೇದ್ತಾನೆ ಸ್ವಾಮಿ. ನಂಗೆ ಗೊತ್ತಿತ್ತು. ನಾನೇ ಮುಚ್ಚಿಟ್ಟಿದ್ದೆ" ಎಂದಳು.

ವೈದ್ಯರ ವರದಿ ಬಂತು. ಕುಮಾರನಿಗೂ ಕೇಂದ್ರಕ್ಕೆ ಸೇರುವ ಆದೇಶವಾಯಿತು. ಜೀಪು ಹತ್ತುವಾಗ ಅವನು ತಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ ಜಯಲಕ್ಷ್ಮಮ್ಮನ ಪಕ್ಕದಲ್ಲಿ ಯಶೋದಮ್ಮ ಬಂದು ಕುಳಿತಳು.

"ಮೊದ್ಲು ಮೊದ್ಲು ಬೈತಾನೆ ಕಣಕ್ಕ."

"ಬೈಲಿ ಬುಡು" ಎಂದು ಜಯಲಕ್ಷ್ಮಮ್ಮ ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು.