ಮಧ್ಯಾಹ್ನ ನೀರು ಕುಡಿಯುವ ಗುಂಡಿ

ಕಟ್ಟೆಮಳಲವಾಡಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ನಲ್ಲಿ ಅಂದರೆ ಗುಂಡಿ. ಮನೆ ಮುಂದೆ ಮೊಣಕಾಲುದ್ದ ತೋಡಿ, ಪೈಪನ್ನು ಅದರೊಳಗೆ ಇಳಿಸಿ, ತುದಿಯ ನಲ್ಲಿಯನ್ನು ಬಿಚ್ಚಿ ಎತ್ತಿಟ್ಟರೆ ಪಕ್ಕದವರಿಗಿಂತ ಎರಡು ಕೊಡ ಹೆಚ್ಚು ಸಿಗುತ್ತದೆ. ಬಹಳ ಬುದ್ಧಿವಂತರು ನಾವು! ಆಶಾ ಕಾರ್ಯಕರ್ತೆಯಾಗಿ ದಿನಾ ಬೀದಿ ಸುತ್ತುವ ನಾನೂ ಈ ಗುಂಡಿಗಳನ್ನು ದಾಟಿಕೊಂಡೇ ಓಡಾಡಿದವಳು. ಒಂದನ್ನೂ ಬಗ್ಗಿ ನೋಡಿರಲಿಲ್ಲ.

ಮೇಲಿನ ಬೀದಿಯ ಸಾಕಮ್ಮನವರ ಗುಂಡಿ ಎಲ್ಲಕ್ಕಿಂತ ಆಳ. ಹೋದ ಬೇಸಿಗೆಯಲ್ಲಿ ಅವರ ಮೊಮ್ಮಗಳು ರಮ್ಯಳಿಗೆ ವಾಂತಿಭೇದಿ ಹಿಡಿಯಿತು. ಐದು ವರ್ಷದ ಕೂಸು. ಹುಣಸೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ ಕರೆತಂದೆವು. ಹದಿನೈದು ದಿನಕ್ಕೆ ಮತ್ತೆ ಅದೇ. ಈ ಸಲ ಕಣ್ಣು ಒಳಕ್ಕೆ ಹೋಗಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಮೂರನೇ ಸಲ ಬಂದರೆ ಮಗು ಉಳಿಯುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

"ನೀರು ಕುದಿಸಿ ಆರಿಸಿ ಕೊಡಿ ಸಾಕಮ್ಮಾರೆ," ಎಂದೆ.

"ನೀರಿಂದಲ್ಲ ಕಣವ್ವ ರೂಪಶ್ರೀ," ಎಂದರು ಅವರು ದನಿ ತಗ್ಗಿಸಿ. "ನಮ್ ಗುಂಡಿ ಒಳ್ಗೆ ಏನೋ ಸೇರ್ಕಂಡದೆ. ಮಟಮಟ ಮಧ್ಯಾನ ನೀರು ಕುಡೀತದೆ. ಬಾ, ತೋರಿಸ್ತೀನಿ."

ನಾನು ನಗುತ್ತಲೇ ಹೋದೆ. ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಗುಂಡಿ ತುಂಬ ಚೆಲ್ಲಿದ ನೀರು, ಪಕ್ಕದ ಬಟ್ಟೆ ಒಗೆಯುವ ಕಲ್ಲಿನಿಂದ ಇಳಿದ ಬಗ್ಗಡ. ಹನ್ನೆರಡು ಗಂಟೆಗೆ ಪೈಪಿನಲ್ಲಿ ನೀರು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಸದ್ದು ಬಂತು. ಬಾಯಾರಿದವರು ಚೊಂಬು ಎತ್ತಿ ಒಂದೇ ಉಸಿರಿಗೆ ಕುಡಿದ ಹಾಗೆ, ಗುಳುಗುಳು. ನೀರು ಇಳಿಯತೊಡಗಿತು. ಒಂದು ಒಣಗಿದ ಎಲೆ ಗಿರಗಿರ ಸುತ್ತಿ ಪೈಪಿನ ಬಾಯಿಗೆ ಹೋಗಿ ಅಂಟಿಕೊಂಡಿತು. ಕೊನೆಯಲ್ಲಿ ಯಾರೋ ಉಸ್ಸೆಂದು ಉಸಿರು ಎಳೆದುಕೊಂಡರು. ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ನೋಡ್ದಾ? ದಿನಾ ಇಂಗೇಯ. ಮೊಗಿನ ಮೇಲೆ ಕಣ್ಣಾಕ್ಬುಟ್ಟದೆ," ಎಂದರು ಸಾಕಮ್ಮ.

ಮಾರನೇ ದಿನ ಅವರು ಅರಿಶಿನ, ಸುಣ್ಣ, ಕುಂಕುಮ ಕದಡಿ ಓಕುಳಿ ಮಾಡಿ ರಮ್ಯಳಿಗೆ ದೃಷ್ಟಿ ತೆಗೆದರು. ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕಾದದ್ದನ್ನು ನೀರು ನಿಲ್ಲುವ ಹೊತ್ತಿಗೆ ಸರಿಯಾಗಿ ಗುಂಡಿಗೇ ಸುರಿದರು. "ತಕ, ಕುಡಿ. ನಮ್ ಕೂಸ್ನ ಬುಟ್ಬುಡು," ಎಂದು ಕೈಮುಗಿದರು. ಗುಂಡಿ ಅಷ್ಟನ್ನೂ ಕುಡಿಯಿತು.

ಮರುದಿನ ಬೆಳಿಗ್ಗೆ ನೀರು ಬಂದಾಗ ಅವರ ಬಿಂದಿಗೆಗೆ ಬಿದ್ದದ್ದು ಕೆಂಪು ನೀರು. ಅವರು ಬಿಂದಿಗೆ ಬಿಟ್ಟು ಚೀರುವಷ್ಟರಲ್ಲಿ ಕೆಳಗಿನ ಬೀದಿಯಿಂದಲೂ ಕೂಗು ಕೇಳಿತು. ಬಾಣಂತಿ ಮಗಳನ್ನು ಮನೆಯಲ್ಲಿಟ್ಟುಕೊಂಡಿದ್ದ ರುಕ್ಮಿಣಮ್ಮ, "ನಲ್ಲೀಲಿ ರಕ್ತ ಬತ್ತಾ ಅದೆ ಕಣ್ರಪ್ಪೋ!" ಎಂದು ಓಡಿ ಬಂದರು.

ಊರಿಗೆ ನೀರು ಬಿಡುವ ನೀರುಗಂಟಿ ಚೆಲುವರಾಜು ಬಂದು, ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದ. "ಅರಿಸಿನದ ವಾಸ್ನೆ. ಓಕ್ಳಿ ಉಯ್ದೋರು ಯಾರು?"

"ನಾನೇ ಕಣ್ಲಾ. ಗುಂಡಿಗೆ ಉಯ್ದೆ, ಪೈಪ್ಗಲ್ಲ."

"ದೊಡ್ಡವ್ವ, ಮಧ್ಯಾನ ನಾನು ವಾಲ್ವ್ ಮುಚ್ಚಿದ್ ಮೇಲೆ ಪೈಪಲ್ಲಿರೋ ನೀರು ಕೆಳಗ್ಲ ಬೀದಿಗೆ ಇಳೀತದೆ. ಇಳೀವಾಗ ಮೇಲಿಂದ ಎಳ್ಕತದೆ. ನಿಮ್ ಪೈಪಿನ ಬಾಯಿ ಗುಂಡಿ ನೀರಲ್ಲಿ ಮುಳುಗ್ಕಂಡದೆ. ಕುಡಿಯೋದು ಪೈಪು ಕಣವ್ವ. ಬೆಳಿಗ್ಗೆ ಅದನ್ನೇ ನಾವು ಕುಡೀತೀವಿ."

"ಸುಮ್ಕಿರ್ಲಾ," ಎಂದ ಸಾಕಮ್ಮ ಬಟ್ಟೆ ಒಗೆಯುವ ಕಲ್ಲಿನ ಕಡೆ ತಿರುಗಿದರು. ಅವರ ಮುಖ ಬಾಡಿತು. "ರಮ್ಯ ಗಲೀಜು ಮಾಡ್ಕಂಡಿದ್ ಬಟ್ಟೇನ ಇಲ್ಲೇ ಒಗ್ದೆ. ಆ ನೀರೆಲ್ಲ ಗುಂಡಿಗೇ ಓಯ್ತು." ಕಲ್ಲಿನ ಮೇಲೆ ಕುಸಿದು ಕುಳಿತರು. "ದೆವ್ವ ಆಗಿದ್ರೆ ಎಷ್ಟೋ ವಾಸಿಯಿತ್ತು. ಗುಂಡಿ ತೋಡ್ದೋಳು ನಾನೇ."

ಸುತ್ತ ನಿಂತಿದ್ದವರು ತಂತಮ್ಮ ಮನೆಯ ಕಡೆ ತಿರುಗಿ ನೋಡಿದರು. ಅವರ ಮನೆಗಳ ಮುಂದೆಯೂ ಗುಂಡಿ ಇತ್ತಲ್ಲ.

ಅವತ್ತೇ ಟ್ಯಾಂಕಿನಿಂದ ಕೊನೆಯ ಮನೆವರೆಗೆ ಪೈಪಿನ ದಾರಿ ಹಿಡಿದು ನಡೆದೆವು. ಹನ್ನೊಂದು ಗುಂಡಿ ಸಿಕ್ಕವು. ಚರಂಡಿಯೊಳಗೆ ಸೈಕಲ್ ಟ್ಯೂಬು ಸುತ್ತಿದ ಜಾಯಿಂಟ್ ಒಂದು. ಟ್ಯಾಂಕಿನ ಬುಡದಲ್ಲಿ ಸೋರುವ ವಾಲ್ವ್. ಹೆಚ್ಚು ನೀರು ಪೋಲಾಗುವುದು ಅಲ್ಲೇ, ಅದನ್ನೇ ಮೊದಲು ಸರಿಮಾಡೋಣ ಎಂದ ಚೆಲುವರಾಜು.

"ಅಲ್ಲಿ ಚೆಲ್ಲೋದು ಒಳ್ಳೆ ನೀರು ಕಣ್ಲಾ, ನಾಳೆ ನೋಡ್ಕಂಡ್ರಾಯ್ತು," ಎಂದರು ಸಾಕಮ್ಮ. "ಮಕ್ಳ ಬಾಯಿಗೆ ಓಗೋದ್ನ ಮೊದ್ಲು ನಿಲ್ಸು."

ಹಾಗೇ ಮಾಡಿದೆವು. ಚರಂಡಿಯ ಜಾಯಿಂಟ್ ಬದಲಾಯಿತು, ಗುಂಡಿಗಳು ಮುಚ್ಚಿದವು, ಪೈಪುಗಳು ಮೊಣಕಾಲೆತ್ತರಕ್ಕೆ ಎದ್ದು ಒಂದೊಂದಕ್ಕೂ ನಲ್ಲಿ ಬಂತು. ವಾಲ್ವ್ ಮಾರನೇ ದಿನ. ಆಮೇಲೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಲೈನನ್ನು ತೊಳೆದೆವು. ಈಗ ಮನೆಗೆ ಎರಡು ಕೊಡ ಕಡಿಮೆಯೇ ಬರುತ್ತದೆ, ಗೊಣಗುವವರು ಗೊಣಗುತ್ತಾರೆ. ರಮ್ಯಳಿಗೆ ಮಾತ್ರ ಆ ಕಾಯಿಲೆ ಮತ್ತೆ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀರು ನಿಂತ ಕೂಡಲೇ ನಿಮ್ಮ ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಒಳಗಿನಿಂದ ಯಾರೋ ಎಳೆದಂತಾದರೆ ಹೆದರಿ ಓಡಬೇಡಿ. ಗುಂಡಿ ಮುಚ್ಚಿ, ಪೈಪು ಎತ್ತರಿಸಿ, ನಲ್ಲಿ ಹಾಕಿ, ನೀರು ಹಿಡಿದಾದ ಮೇಲೆ ತಿರುಗಿಸಿ ಮುಚ್ಚಿ. ನೀರುಗಂಟಿಯನ್ನು ಕರೆದುಕೊಂಡು ಇಡೀ ಲೈನು ನಡೆದು ನೋಡಿ, ಜೀವಕ್ಕೆ ಅಪಾಯ ಎಲ್ಲಿ ಹೆಚ್ಚೋ ಅಲ್ಲಿಂದಲೇ ರಿಪೇರಿ ಶುರುಮಾಡಿ. ನಿಮ್ಮ ಗುಂಡಿಯ ನೀರನ್ನು ಕುಡಿಯುತ್ತಿರುವ ಮಗು ಕೆಳಗಿನ ಬೀದಿಯಲ್ಲಿರಬಹುದು. ಅದರ ಹೆಸರೂ ನಿಮಗೆ ಗೊತ್ತಿರಲಿಕ್ಕಿಲ್ಲ.