ಮೀನಿನ ತೊಟ್ಟಿಯ ಬೆನ್ನಿಗೊಂದು ಹಾಳೆ

ವಯಸ್ಸು ನಲವತ್ತೈದು ದಾಟಿ ತಲೆ ಅರ್ಧ ಬೋಳಾಗಿದ್ದರೂ ಬೀದಿಯವರೆಲ್ಲ ಅವನನ್ನು ಗುಳ್ಳೆ ಎಂದೇ ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವನು ಹೆತ್ತ ಅಪ್ಪನೇ. ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸುವುದರಲ್ಲಿ ಅಪ್ಪನದು ಎತ್ತಿದ ಕೈ. ಮಗ ಅಂಟಿಸಿದರೆ ಮಾತ್ರ ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಅಲ್ಲಲ್ಲಿ ಗುಳ್ಳೆ ಏಳುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ, ತೋರುಬೆರಳು ಚಾಚಿ ಗುಳ್ಳೆ ಎಲ್ಲಿದೆ ಎಂದು ತೋರಿಸುತ್ತಿದ್ದ, ಅಷ್ಟೇ. ಬಯ್ದಿದ್ದರೇ ವಾಸಿಯಿತ್ತು. ಎರಡು ವರ್ಷ ಆ ಬೆರಳಿಗೆ ಹೆದರಿ ಹೆದರಿ ಸಾಕಾಗಿ, ಕಸುಬಿಗೆ ದೊಡ್ಡ ನಮಸ್ಕಾರ ಹಾಕಿ, ಗುಳ್ಳೆ ಒಂದು ಗೋದಾಮಿನಲ್ಲಿ ಗುಮಾಸ್ತನಾದ.

ಈಗ ಅಪ್ಪನಿಗೆ ಉಳಿದಿರುವುದು ಆ ಬೆರಳೊಂದೇ. ಕಳೆದ ವರ್ಷ ಲಕ್ವ ಹೊಡೆದು ಮಾತು ನಿಂತಿತು, ಕೈಕಾಲು ಬಿದ್ದುಹೋದವು. ಕತ್ತು ಒಂದಿಷ್ಟು ಆಡುತ್ತಿತ್ತು. ಹಾಲಿನ ಪಕ್ಕದ ಸಾಮಾನು ಕೋಣೆಯನ್ನು ಖಾಲಿ ಮಾಡಿ ಅವನನ್ನು ಮಲಗಿಸಿದ್ದರು. ಮಂಚ ಹಾಕಿದ ಮೇಲೆ ಅಲ್ಲಿ ಒಬ್ಬರು ನಿಲ್ಲಬಹುದಿತ್ತೇ ಹೊರತು ಕುರ್ಚಿಗೆ ಜಾಗವಿರಲಿಲ್ಲ. ಕಿಟಕಿಯೂ ಇಲ್ಲ. ಇದ್ದದ್ದೆಂದರೆ ಕೋಣೆಗೂ ಹಾಲಿಗೂ ನಡುವಿನ ಗೋಡೆಯಲ್ಲಿ ಕೂರಿಸಿದ ಮೀನಿನ ತೊಟ್ಟಿ. ಗಟ್ಟಿಯಾಗಿದ್ದ ಕಾಲದಲ್ಲಿ ಅಪ್ಪನೇ ಗೋಡೆ ಒಡೆಸಿ ಕೂರಿಸಿದ್ದು. ಹಗಲೆಲ್ಲ ಆ ನೀರಿನ ಮೂಲಕ ಅವನಿಗೆ ಮನೆ ಕಾಣುತ್ತಿತ್ತು. ಸೊಸೆ ಓಡಾಡುವುದು, ಬಾಗಿಲು ತೆರೆಯುವುದು, ಅಮ್ಮ ಕುರ್ಚಿ ಹಾಕಿಕೊಂಡು ಅಂಗಿಗಳಿಗೆ ಗುಂಡಿ ಹೊಲಿಯುವುದು.

ಗುಳ್ಳೆಯ ಹೆಂಡತಿ ಹಾಲಿನಲ್ಲಿ ಮನೆಪಾಠ ಶುರುಮಾಡಿದ ಮೇಲೆ ತಾಪತ್ರಯ ಬಂತು. ಮಕ್ಕಳು ಲೆಕ್ಕ ಬಿಟ್ಟು ತೊಟ್ಟಿಯನ್ನೇ ನೋಡುತ್ತಿದ್ದರು. ಮೀನುಗಳ ನಡುವೆ ವಕ್ರವಾದ ಒಂದು ಮುಖ. ಒಂದು ಹುಡುಗಿ ಕಿರುಚಿ ಅತ್ತೇಬಿಟ್ಟಳು.

‘ರೀ, ಮಾವನಿಗೆ ಮೈ ಒರೆಸೋ ಹೊತ್ತಿಗೂ ಅವು ಇಣುಕುತ್ವೆ. ಅವರಿಗೂ ಒಂದು ಮಾನ ಅಂತ ಇಲ್ವಾ? ತೊಟ್ಟಿ ಹಿಂದೆ ಏನಾದ್ರೂ ಅಂಟಿಸಿ,’ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನನ್ನು ಕೇಳಿದರೆ ‘ನಿಮ್ಮಿಷ್ಟ’ ಎಂದಳು. ಅಪ್ಪನನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮೀನಿನಂಗಡಿಯವನು ಮೂರು ಸುರುಳಿ ಬಿಚ್ಚಿದ. ‘ಹವಳದ ಚಿತ್ರ ಎರಡು ತಿಂಗಳಿಗೆ ಬಿಳಿಚಿಕೊಳ್ಳುತ್ತೆ. ನೀಲಿ ಚೆನ್ನಾಗಿದೆ, ಆದ್ರೆ ದೀಪ ಹಾಕಿದ್ರೆ ಹಿಂದಿನ ನೆರಳು ಕಾಣುತ್ತೆ. ಹಿಂದಿರೋದು ಚೂರೂ ಕಾಣಬಾರದು ಅಂದ್ರೆ ಕಣ್ಣು ಮುಚ್ಚಿ ಕಪ್ಪು ತಗೊಳ್ಳಿ. ಮೀನೂ ಎದ್ದು ಕಾಣುತ್ತೆ.’

ಗುಳ್ಳೆ ಕಪ್ಪನ್ನೇ ತಂದ. ಕಪ್ಪು ಹಾಳೆ ಎಂದರೆ ಅಪ್ಪನಿಗೂ ಖುಷಿಯಾದೀತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಹಾಳೆ ಅಂಟಿಸಬೇಕಾದದ್ದು ಅಪ್ಪನ ಕಡೆಯಿಂದ. ಭಾನುವಾರ ಮಧ್ಯಾಹ್ನ ಮಂಚಕ್ಕೆ ಬೆನ್ನುಹಾಕಿ ನಿಂತು, ಗಾಜು ಒರೆಸಿ, ಸೋಪಿನ ನೀರು ಚಿಮುಕಿಸಿ, ಹಾಳೆಯನ್ನು ಮೇಲಿನಿಂದ ಇಳಿಬಿಟ್ಟ. ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳುತ್ತಾ ಬಂದ. ಕಸುಬು ಬಿಟ್ಟು ಇಪ್ಪತ್ತೈದು ವರ್ಷವಾದರೂ ಬೆನ್ನ ಹಿಂದೆ ಅಪ್ಪನಿದ್ದರೆ ಅದೇ ಹೆದರಿಕೆ.

ತಿರುಗಿ ನೋಡಿದ. ಬೆರಳು ಎದ್ದಿತ್ತು.

ಕೆಳಗಿನ ಎಡಮೂಲೆ. ಅಲ್ಲಿ ಇನ್ನೂ ಅಂಟಿರದ ಅಂಗೈಯಗಲದ ಜಾಗವೊಂದು ಉಳಿದಿತ್ತು. ಗುಳ್ಳೆ ಅದನ್ನೂ ಒತ್ತಿ ಅಂಟಿಸಿದ. ಬೆರಳು ಇಳಿಯಲಿಲ್ಲ. ಬಗ್ಗಿ, ಟಾರ್ಚ್ ಬಿಟ್ಟು ನೋಡಿದ.

‘ಇಲ್ಲಪ್ಪಾ, ಒಂದೇ ಒಂದು ಗುಳ್ಳೆ ಇಲ್ಲ. ಆಣೆ ಮಾಡ್ತೀನಿ.’

ಬೆರಳು ಅಲ್ಲಾಡಿತು. ಅಪ್ಪನ ಗಂಟಲಿನಿಂದ ಏನೋ ಸದ್ದು ಬಂತು. ಗುಳ್ಳೆ ಆ ಮೂಲೆಯನ್ನು ಮತ್ತೆ ಮತ್ತೆ ತೀಡಿದ. ಕೊನೆಗೆ ಬೆರಳು ತಾನಾಗಿಯೇ ಬಿತ್ತು. ಜನ್ಮದಲ್ಲಿ ಮೊದಲ ಸಲ ಅಪ್ಪ ಒಪ್ಪಿದ ಎಂದುಕೊಂಡು ಗುಳ್ಳೆ ಕಣ್ಣೊರೆಸಿಕೊಂಡ.

ಆ ದಿನದಿಂದ ಅಪ್ಪ ತೊಟ್ಟಿಯಿಲ್ಲದ ಗೋಡೆಯ ಕಡೆ ಮುಖ ಮಾಡಿದವನು ತಿರುಗಲಿಲ್ಲ. ಗಂಜಿ ಬಾಯಿಗಿಟ್ಟರೆ ಅರ್ಧ ಹೊರಗೇ ಬರುತ್ತಿತ್ತು. ಮಕ್ಕಳು ಮಾತ್ರ ಈಗ ತಲೆಯೆತ್ತದೆ ಲೆಕ್ಕ ಮಾಡುತ್ತಿದ್ದರು.

ನಾಲ್ಕನೆಯ ದಿನ ಗುಳ್ಳೆ ಕೆಲಸ ಮುಗಿಸಿ ಬಂದಾಗ ಅಮ್ಮ ಬೀದಿ ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದಳು.

‘ಇದೇನಮ್ಮಾ, ಕುರ್ಚಿ ಇಲ್ಲಿಗೆ ತಂದೆ?’

‘ಅಲ್ಲಿ ಯಾವ ಬೆಳಕಿತ್ತು ಅಂತ ಕೂರಲಿ? ಅವರಿಗೆ ಕಾಣಲಿ ಅಂತ ತಾನೇ ಕೂರ್ತಿದ್ದೆ. ಈಗ ಎಲ್ಲಿ ಕೂತರೇನು!’

ಗುಳ್ಳೆ ತಿರುಗಿ ನೋಡಿದ. ಹಳೆಯ ಜಾಗದಲ್ಲಿ ಕುರ್ಚಿಯ ನಾಲ್ಕು ಕಾಲಿನ ಗುರುತು ನೆಲದ ಮೇಲೆ ಹಾಗೇ ಇತ್ತು. ಅದು ಇದ್ದದ್ದು ತೊಟ್ಟಿಯ ಆ ಮೂಲೆಗೆ ನೇರವಾಗಿ. ಅಪ್ಪ ಗುಳ್ಳೆ ತೋರಿಸಿರಲಿಲ್ಲ. ಅಷ್ಟನ್ನಾದರೂ ಬಿಡು ಎಂದು ಬೇಡಿಕೊಂಡಿದ್ದ. ಆ ಬೇಡಿಕೆಯ ಮೇಲೇ ತಾನು ಪಟ್ಟಿ ಎಳೆದಿದ್ದ.

ಬ್ಲೇಡು ಹಿಡಿದು ಕೋಣೆಗೆ ನುಗ್ಗಿದ. ಬದುಕಿನಲ್ಲಿ ಒಂದೇ ಒಂದು ಹಾಳೆ ನೆಟ್ಟಗೆ ಅಂಟಿಸಿದ್ದ, ಅದು ಜಪ್ಪಯ್ಯ ಅಂದರೂ ಏಳಲಿಲ್ಲ. ಉಗುರು ಕಿತ್ತು ರಕ್ತ ಬಂದಮೇಲೆ ಅಂಗೈಯಗಲದಷ್ಟು ಚೂರು ಚೂರಾಗಿ ಸುಲಿದು ಬಂತು. ಅಲ್ಲಿಂದಲೇ ಕೂಗಿದ.

‘ಅಮ್ಮಾ, ಕುರ್ಚಿ ಮೊದಲಿದ್ದಲ್ಲಿಗೆ ತಾ. ಕೂತ್ಕೋ.’

ಕುರ್ಚಿ ಎಳೆದ ಸದ್ದಾಯಿತು. ನೀರಿನಾಚೆ ಅಮ್ಮ ಮಂಜುಗಣ್ಣನ್ನು ಕಿರಿದು ಮಾಡಿ ಇತ್ತ ನೋಡುತ್ತಿದ್ದಳು. ಕೋಣೆಯ ಈ ಕತ್ತಲೆಯಲ್ಲಿ ಅವಳಿಗೆ ಏನೂ ಕಾಣುವಂತಿರಲಿಲ್ಲ.

ಗುಳ್ಳೆ ಎರಡೂ ಕೈಯಿಂದ ಅಪ್ಪನ ಮುಖವನ್ನು ತೊಟ್ಟಿಯ ಕಡೆ ತಿರುಗಿಸಿದ. ‘ಅಪ್ಪಾ, ನೋಡು. ಬಿಟ್ಟಿದ್ದೀನಿ, ನೋಡಪ್ಪಾ.’ ಅಪ್ಪನ ಉಸಿರು ಸಣ್ಣಗೆ ಆಡುತ್ತಿತ್ತು. ಕೈ ಬಿಟ್ಟೊಡನೆ ಮುಖ ಮತ್ತೆ ಗೋಡೆಗೆ ಹೊರಳಿತು. ಬೆರಳು ಹೊದಿಕೆಯ ಮೇಲೆ ಬಿದ್ದೇ ಇತ್ತು.

‘ನೋಡ್ತಿದ್ದಾರೇನೋ?’ ಅಮ್ಮ ಆಚೆಯಿಂದ ಕೇಳಿದಳು.

‘ಹೂಂ ಅಮ್ಮಾ. ನಿನ್ನನ್ನೇ ನೋಡ್ತಿದ್ದಾರೆ.’

ಅಮ್ಮ ಕೆದರಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ನೆಟ್ಟಗೆ ಕೂತು, ಸೂಜಿಗೆ ದಾರ ಪೋಣಿಸತೊಡಗಿದಳು.